ಕಾರಿಗೆ ಹೊಸ ಹೆಡರ್: ಕಾನೂನು ಮತ್ತು ಲೆಕ್ಕಪತ್ರ

ಸಂಪಾಜೆ ಘಾಟಿಯನ್ನು ಹುರುಪಿನಿಂದ ಏರಬೇಕೆಂಬ ಆಸೆಯಿಂದ, ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಹೊರಗಿನ ತಯಾರಿಕೆಯ ಎಕ್ಸಾಸ್ಟ್ ಹೆಡರ್ ಜೋಡಿಸುವ ಮುನ್ನ ವರ್ತಕರು ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

1. ತಾಂತ್ರಿಕ ಅಂಶ: ಎರಕದ ಮ್ಯಾನಿಫೋಲ್ಡಿನ ಸ್ಥಾನದಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕೊಳವೆಯುಳ್ಳ ಹೆಡರ್ ಬರುತ್ತದೆ. ಹೊಗೆ ಸರಾಗವಾಗಿ ಹೊರಹೋಗುವುದರಿಂದ ಶಕ್ತಿ ತುಸು ಹೆಚ್ಚುತ್ತದೆ. ಆದರೆ ಈ ಲಾಭ ಬಹುಮಟ್ಟಿಗೆ ಇಂಜಿನ್ ಅತಿವೇಗದಲ್ಲಿ ತಿರುಗುವಾಗ ಮಾತ್ರ. ಇತ್ತೀಚಿನ ಅನೇಕ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಸೇರಿಕೊಂಡಿರುವುದರಿಂದ ಅದನ್ನೂ ತೆಗೆದಂತಾಗುತ್ತದೆ.

2. ಕಾನೂನು: ಮೋಟಾರು ವಾಹನ ಅಧಿನಿಯಮದ 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ ರೂ. 5,000 ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದರೆ ಮೊದಲ ತಪ್ಪಿಗೇ ರೂ. 10,000ದವರೆಗೆ ದಂಡವುಂಟು.

3. ಲೆಕ್ಕಪತ್ರ: ಕೆಟ್ಟ ಮ್ಯಾನಿಫೋಲ್ಡಿಗೆ ಬದಲಾಗಿ ಅಂಥದನ್ನೇ ಹಾಕಿಸಿದರೆ ಅದು ದುರಸ್ತಿ ವೆಚ್ಚ. ಶಕ್ತಿ ಹೆಚ್ಚಿಸಲು ಹಾಕಿಸಿದ್ದು ಬಂಡವಾಳ ವೆಚ್ಚವೆನಿಸುವ ಸಂಭವವೇ ಹೆಚ್ಚು, ಆಗ ಶೇ. 15ರ ಸವಕಳಿ ಮಾತ್ರ ದೊರೆಯುತ್ತದೆ. ಕಾನೂನು ನಿಷೇಧಿಸಿದ ಕಾರ್ಯದ ವೆಚ್ಚವನ್ನಾಗಲಿ, ದಂಡವನ್ನಾಗಲಿ ಆದಾಯದಿಂದ ಕಳೆಯಲು ಅವಕಾಶವಿಲ್ಲ.

4. ಜಿಎಸ್‌ಟಿ: ಬಿಡಿಭಾಗದ ಮೇಲಿನ ತೆರಿಗೆ 22-9-2025ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಆದರೆ ಸಾಮಾನ್ಯ ವರ್ತಕರ ಸ್ವಂತ ಬಳಕೆಯ ಕಾರಿನ ದುರಸ್ತಿ ಸೇವೆಗೆ ಹೂಡುವಳಿ ತೆರಿಗೆಯ ಜಮೆ ಸಿಗದು.

5. ವಿಮೆ: ಮಾರ್ಪಾಡನ್ನು ವಿಮಾ ಕಂಪೆನಿಗೆ ಲಿಖಿತವಾಗಿ ತಿಳಿಸದಿದ್ದರೆ ಪರಿಹಾರದ ವೇಳೆ ವಿವಾದವೇಳಬಹುದು.

ಆದುದರಿಂದ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಬಿಲ್ಲಿನಲ್ಲಿ ಬಿಡಿಭಾಗ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ಬರೆಯಿಸಿಕೊಂಡು, ಆ ಬಳಿಕವಷ್ಟೇ ಹಣ ಪಾವತಿಸುವುದು ಕ್ಷೇಮಕರ.