ಜಠರ ತೆಗೆಸಿಕೊಂಡವರೇ, ಇಂಜೆಕ್ಷನ್ ನಿಲ್ಲಿಸಬೇಡಿ

ಕ್ಯಾನ್ಸರಿಗೋ ಬೇರೆ ಕಾರಣಕ್ಕೋ ಇಡೀ ಜಠರ ತೆಗೆದರೆ ಅನ್ನನಾಳವನ್ನು ಸೀದಾ ಸಣ್ಣಕರುಳಿಗೆ ಜೋಡಿಸುತ್ತಾರೆ. 1897ರಲ್ಲೇ ಜ್ಯೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಇದನ್ನು ಮಾಡಿ ಗೆದ್ದಿದ್ದರು. ಹೊಲಿಗೆ ಮಾಯುತ್ತದೆ, ಊಟವೂ ಸೇರುತ್ತದೆ. ಎಡವುವುದು ಆಮೇಲೆ.

ಮೊದಲು ಊಟ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವೇ ಅಗಿದು ತಿನ್ನಿ. ನೀರು, ಮಜ್ಜಿಗೆ ಊಟದ ಜೊತೆ ಬೇಡ. ಅರ್ಧ ಗಂಟೆ ಬಿಟ್ಟು ಕುಡಿಯಿರಿ. ‘ನಿಶ್ಶಕ್ತಿ’ ಎಂದು ಮನೆಯವರು ಪ್ರೀತಿಯಿಂದ ಕೊಡುವ ಬೆಲ್ಲದ ಗಂಜಿ, ಜ್ಯೂಸ್‌ಗಳೇ ಶತ್ರು. ತಡೆಯಲು ಜಠರವಿಲ್ಲದೆ ಸಿಹಿಯೆಲ್ಲ ಒಮ್ಮೆಲೇ ಕರುಳಿಗಿಳಿದು, ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಬೆವರಿ, ಭೇದಿಯಾಗುತ್ತದೆ. ಇದೇ ಡಂಪಿಂಗ್. ಒಂದರಿಂದ ಮೂರು ಗಂಟೆ ಕಳೆದು ಕೈ ನಡುಗಿದರೆ ರಕ್ತದ ಸಕ್ಕರೆ ಕುಸಿದಿರಬಹುದು. ಆಗ ಮಾತ್ರ ಒಂದಿಷ್ಟು ಸಕ್ಕರೆ, ಹಿಂದೆಯೇ ಮೊಟ್ಟೆಯೋ ಬೇಳೆಯೋ.

ಇನ್ನು ನಾನು ಪದೇ ಪದೇ ನೋಡಿದ ತಪ್ಪು: ಬಿ12. ನಮ್ಮ ದೊಡ್ಡಪ್ಪ ಆಪರೇಷನ್ ಆದ ವರ್ಷ ಇಂಜೆಕ್ಷನ್ ಹಾಕಿಸಿಕೊಂಡರು, ‘ಚೆನ್ನಾಗೇ ಇದ್ದೀನಲ್ಲ’ ಎಂದು ಬಿಟ್ಟರು. ನಾಲ್ಕನೇ ವರ್ಷ ಅಂಗಳದಲ್ಲಿ ಕಾಲಿನ ಚಪ್ಪಲಿ ಕಳಚಿ ಹಿಂದೆ ಬಿದ್ದಿದೆ, ಅವರಿಗೆ ಗೊತ್ತೇ ಆಗಿಲ್ಲ! ವಯಸ್ಸು ಎಂದುಕೊಂಡೆವು. ಅಲ್ಲ. ಬಿ12 ಹೀರಿಕೊಳ್ಳಲು ಬೇಕಾದ ಅಂಶ ತಯಾರಾಗುವುದು ಜಠರದಲ್ಲೇ. ಯಕೃತ್ತಿನ ಹಳೆಯ ದಾಸ್ತಾನು ಕೆಲವು ವರ್ಷ ನಡೆಸುತ್ತದೆ. ಮೋಸ ಹೋಗುವುದು ಅಲ್ಲೇ. ಖಾಲಿಯಾದ ಮೇಲೆ ಜೋಮು, ತೂರಾಟ, ಮರೆವು. ತಡವಾದರೆ ನರದ ಹಾನಿ ಪೂರ್ತಿ ಸರಿಹೋಗದು. ಹಾಲು, ಮಾಂಸ, ಮೊಟ್ಟೆ ಎಷ್ಟು ತಿಂದರೂ ಈ ಕೊರತೆ ನೀಗದು. ಸಾಧಾರಣ ವಿಟಮಿನ್ ಮಾತ್ರೆಯೂ ಸಾಲದು; ಹೆಚ್ಚು ಪ್ರಮಾಣದ ಮಾತ್ರೆ ಸಾಕೇ ಎನ್ನುವುದನ್ನು ವೈದ್ಯರೇ ರಕ್ತ ನೋಡಿ ಹೇಳಬೇಕು. ಔಷಧದ ಬಗೆ ನೋಡಿ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಆಯುಷ್ಯಪೂರ್ತಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ರಕ್ತ ಕಡಿಮೆಯೆಂದು ಬರೀ ಫೋಲಿಕ್ ಆಸಿಡ್ ನುಂಗಬೇಡಿ: ರಕ್ತದ ರಿಪೋರ್ಟ್ ಸುಧಾರಿಸುತ್ತದೆ, ನರ ಒಳಗೊಳಗೇ ಕೆಡುತ್ತಿರುತ್ತದೆ.

ಕಬ್ಬಿಣಾಂಶ, ಡಿ ವಿಟಮಿನ್, ಮೂಳೆಯ ಸಾಂದ್ರತೆಯ ಪರೀಕ್ಷೆ ಆಗಾಗ ಬೇಕು. ಕ್ಯಾಲ್ಸಿಯಂ ಕೊಳ್ಳುವಾಗ ಸಿಟ್ರೇಟ್ ಕೇಳಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಗಂಟಲಿಗೆ ಕಹಿ ಉಕ್ಕಿದರೆ ಅದು ಪಿತ್ತ, ಗ್ಯಾಸಿನ ಮಾತ್ರೆಗೆ ಬಗ್ಗದು. ಮಲಗುವ ಮೂರು ಗಂಟೆ ಮೊದಲೇ ಊಟ ಮುಗಿಸಿ, ತಲೆಭಾಗ ಎತ್ತರಿಸಿ. ನುಂಗಲು ಕಷ್ಟವಾದರೆ, ತೂಕ ಮತ್ತೆ ಇಳಿಯತೊಡಗಿದರೆ ಮುಂದಿನ ತಪಾಸಣೆಗೆ ಕಾಯದೆ ಸರ್ಜನ್ನರ ಬಳಿ ಹೋಗಿ.