ಚೌಕಾಸಿ ಮಾಡದ ಗಿರಾಕಿ

ಮೈಸೂರಿನ ಬಾಡಿಗೆ ಮನೆ ಬಿಟ್ಟು ಹಾಸನಕ್ಕೆ ಹೊರಟಾಗ, ನಮ್ಮ ಊಟದ ಮೇಜು ಹೊಸ ಮನೆಯ ಬಾಗಿಲಲ್ಲೇ ಹೋಗುವುದಿಲ್ಲ ಅಂತ ಗೊತ್ತಾಯಿತು. ತೇಗದ್ದು, ಜೊತೆಗೆ ನಾಲ್ಕು ಕುರ್ಚಿ. ಹಳೆ ಸಾಮಾನು ಮಾರುವ ಒಂದು ಆ್ಯಪ್‌ನಲ್ಲಿ ಫೋಟೊ ಹಾಕಿ ₹8,000 ಎಂದು ಬರೆದೆ. ಒಂದು ಕುರ್ಚಿಯ ಕಾಲು ಅಲ್ಲಾಡುತ್ತಿದ್ದುದನ್ನು ಬರೆಯಲಿಲ್ಲ. ಅಷ್ಟೇನೂ ಹರಿಶ್ಚಂದ್ರನಲ್ಲ ನಾನು.

ಹತ್ತೇ ನಿಮಿಷಕ್ಕೆ ಫೋನು. ಹಿಂದಿ ಮಾತು. ಮಿಲಿಟರಿಯಲ್ಲಿದ್ದಾನಂತೆ, ಈಗಷ್ಟೇ ಈ ಕಡೆಗೆ ವರ್ಗವಾಗಿದೆಯಂತೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಒಂದರ ಹಿಂದೊಂದು ವಾಟ್ಸಾಪ್‌ಗೆ ಬಂದು ಬಿದ್ದವು. ಮೇಜು ನೋಡಲು ಬಿಡುವಿಲ್ಲ, ಸಂಜೆ ಗಾಡಿ ಬರುತ್ತದೆ, ದುಡ್ಡು ಈಗಲೇ ಹಾಕುತ್ತೇನೆ ಎಂದ. ಬೆಲೆಯ ಬಗ್ಗೆ ಮಾತೇ ಎತ್ತಲಿಲ್ಲ. ದೇಶ ಕಾಯುವವರು ನಮ್ಮ ಹಾಗೆ ನೂರಿನ್ನೂರಕ್ಕೆ ಜಗ್ಗಾಡುತ್ತಾರೆಯೇ ಎಂದು ನಾನೇ ಮನಸ್ಸಿನಲ್ಲಿ ಸಲ್ಯೂಟ್ ಹೊಡೆದೆ.

ಮೊದಲು ₹10 ಕಳಿಸಿದ. ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಮಿಲಿಟರಿ ಖಾತೆಯಿಂದ ದುಡ್ಡು ಬರೋದೇ ಹೀಗೆ’ ಎಂದ. ದಿನಾ ಬೆಳಗ್ಗೆ ಸೊಪ್ಪಿನ ಗಾಡಿಯ ಮುಂದೆ ನಿಂತು ಸ್ಕ್ಯಾನ್ ಮಾಡುವವನು ನಾನು. ಸ್ಕ್ಯಾನ್ ಮಾಡಿದ್ದಕ್ಕೆ ಎಂದಾದರೂ ನನಗೆ ದುಡ್ಡು ಬಂದಿತ್ತೇ? ಯುಪಿಐನಲ್ಲಿ ಸ್ಕ್ಯಾನ್ ಮಾಡಿದ ಮೇಲೆ ಪಿನ್ ಕೇಳಿದರೆ ದುಡ್ಡು ನಮ್ಮ ಖಾತೆಯಿಂದ ಹೊರಡುತ್ತಿದೆ ಎಂದೇ ಅರ್ಥ. ಬರುವ ದುಡ್ಡಿಗೆ ಪಿನ್ ಬೇಡವೇ ಬೇಡ. ಇದು ನನಗೆ ಗೊತ್ತಿತ್ತು. ಆದರೆ ಅವನು ಫೋನ್ ಇಡಲು ಬಿಡಲೊಲ್ಲ, ಒಂದೇ ಸಮನೆ ಮಾತು. ಪರದೆಯ ಮೇಲೆ ಏನಿದೆ ಅಂತ ಓದಲೂ ಬಿಡುವು ಕೊಡಲಿಲ್ಲ. ಒತ್ತಿದೆ. ₹8,000 ಹೋಯಿತು.

‘ಅಯ್ಯೋ, ತಪ್ಪಾಯಿತು ಸಾರ್. ಈಗ ₹16,000ದ ಕೋಡ್ ಸ್ಕ್ಯಾನ್ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ.’ ನಾನು ಅದಕ್ಕೂ ಸಿದ್ಧನಿದ್ದೆ! ನನ್ನಾಕೆ ಫೋನು ಕಿತ್ತುಕೊಂಡಳು.

ಆಮೇಲೆ ಇನ್ನೊಂದು ದಡ್ಡತನ. ಬ್ಯಾಂಕಿನ ನಂಬರ್ ಹುಡುಕುತ್ತಾ, ಯಾರಿಗೂ ಹೇಳಲು ನಾಚಿಕೆಪಡುತ್ತಾ ಒಂದೂವರೆ ಗಂಟೆ ಕಳೆದೆ. ನೇರವಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ಅಲ್ಲಿ ಕೇಳಿದ್ದು ದುಡ್ಡು ಹೋದ ಸಮಯ, ಬ್ಯಾಂಕು, ವಹಿವಾಟಿನ 12 ಅಂಕಿಯ ಸಂಖ್ಯೆ, ಅಷ್ಟೇ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವುದರೊಳಗೆ ದೂರು ಮುಟ್ಟಿದರೆ ತಡೆಹಿಡಿಯಬಹುದು. ನನ್ನದು ಅಷ್ಟರಲ್ಲಿ ದಾಟಿತ್ತು.

ಠಾಣೆಯಲ್ಲಿ ದೂರು ಬರೆದುಕೊಂಡವರು ನಕ್ಕು, ‘ನಿಜವಾದ ಮಿಲಿಟರಿಯವರು ಎಷ್ಟು ಚೌಕಾಸಿ ಮಾಡ್ತಾರೆ ಗೊತ್ತಾ ಸಾರ್?’ ಎಂದರು. ಆ ದಿನ ಕಲಿತ ಪಾಠವೆಲ್ಲ ಆ ಒಂದು ಮಾತಿನಲ್ಲಿತ್ತು. ಹಳೆ ಸಾಮಾನು ಕೊಳ್ಳುವವನು ಮುಟ್ಟಿ ನೋಡಬೇಕು, ಹುಳುಕು ಹುಡುಕಬೇಕು, ಬೆಲೆ ಇಳಿಸು ಅನ್ನಬೇಕು. ಇದ್ಯಾವುದೂ ಇಲ್ಲದೆ ದುಡ್ಡು ಕೊಡಲು ಅವಸರ ಮಾಡುವವನಿಗೆ ಬೇಕಿರುವುದು ಮೇಜಲ್ಲ.

ಕೊಳ್ಳುವಾಗ ಇದೇ ಆಟ ತಿರುಗುಮುರುಗು. ಅದೇ ಸಮವಸ್ತ್ರ, ಅದೇ ವರ್ಗಾವಣೆ. ಅರ್ಧ ಬೆಲೆಗೆ ಸ್ಕೂಟರು, ಮೊದಲು ಸಾಗಣೆ ಖರ್ಚು ಮಾತ್ರ ಕಳಿಸಿ ಅನ್ನುತ್ತಾರೆ. ಇಂಥ ಕಳ್ಳರಿಗೆ ಅನುಕೂಲವಾಗಿದ್ದ, ಒಬ್ಬರು ಇನ್ನೊಬ್ಬರಿಗೆ ದುಡ್ಡು ಕೇಳಿ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಒಳ್ಳೆಯದೇ ಆಯಿತು. ಆದರೆ ಕ್ಯೂಆರ್ ಕೋಡ್ ಇದ್ದೇ ಇದೆ, ನನ್ನಂಥವರೂ ಇದ್ದೇವೆ.

ಮೇಜು ಕೊನೆಗೆ ಕುವೆಂಪುನಗರದ ಒಬ್ಬ ಅಮ್ಮನವರ ಪಾಲಾಯಿತು. ಮಗನ ಜೊತೆ ಬಂದು, ನಾಲ್ಕೂ ಕುರ್ಚಿಯ ಮೇಲೆ ಕೂತು ನೋಡಿ, ಅಲ್ಲಾಡುವ ಕಾಲನ್ನು ಹಿಡಿದೇಬಿಟ್ಟರು. ಮುಕ್ಕಾಲು ಗಂಟೆ ಜಗ್ಗಾಡಿ ₹6,200ಕ್ಕೆ ಇಳಿಸಿದರು. ಮಗ ದುಡ್ಡು ಕಳಿಸಿ ಮೆಸೇಜ್ ತೋರಿಸಿದ. ನಾನು ಅದನ್ನು ನೋಡಲಿಲ್ಲ. ನನ್ನ ಬ್ಯಾಂಕ್ ಖಾತೆ ತೆರೆದು, ದುಡ್ಡು ಬಂದಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಮೇಜಿಗೆ ಕೈಹಚ್ಚಿದೆ.