ಮ್ಹೈಸಾಳದ ಮನೆ, ಹೊಳೆಯ ಲೆಕ್ಕ

ನಿವೃತ್ತಿಯ ನಂತರ ಬೆಂಗಳೂರಿನಲ್ಲೇ ಇರಬೇಕೋ, ಊರ ಕಡೆ ಹೋಗಬೇಕೋ ಎಂಬ ಮಾತು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಶುರುವಾದದ್ದು 2024ರ ಬೇಸಿಗೆಯಲ್ಲಿ. ಆ ವರ್ಷ ಬೋರ್‌ವೆಲ್‌ ಬತ್ತಿತು. ಟ್ಯಾಂಕರ್ ನೀರಿನ ಹಣವೂ ಸೇರಿ ಅಪಾರ್ಟ್‌ಮೆಂಟಿನ ನಿರ್ವಹಣೆಗೇ ತಿಂಗಳಿಗೆ ಎಂಟು ಸಾವಿರ ಹೋಗತೊಡಗಿತು. ಬಾಡಿಗೆ ಇಪ್ಪತ್ತೆಂಟು ಸಾವಿರ ಬೇರೆ. ಸಂಬಳ ಬರುತ್ತಿದ್ದಾಗ ಇದು ಕಣ್ಣಿಗೆ ಬಿದ್ದಿರಲಿಲ್ಲ. ಪಿಂಚಣಿ ಮತ್ತು ಠೇವಣಿಯ ಬಡ್ಡಿಯಲ್ಲಿ ಬದುಕಬೇಕಾದಾಗ ಪ್ರತಿ ತಿಂಗಳೂ ಅಸಲಿಗೆ ಕೈಹಾಕುವ ಪರಿಸ್ಥಿತಿ ಬಂತು.

ಬೆಂಗಳೂರಿನ ಹವೆಗೆ ಸಾಟಿಯಿಲ್ಲ. 900 ಮೀಟರಿನಷ್ಟು ಎತ್ತರದಲ್ಲಿರುವ ಊರು, ಬೇಸಿಗೆಯಲ್ಲೂ ರಾತ್ರಿ ನಿದ್ದೆ ಬರುತ್ತದೆ. ಆದರೆ ಮಿರಜದಲ್ಲಿ ಅಷ್ಟೇ ದೊಡ್ಡ ಮನೆ ಒಂಬತ್ತು ಸಾವಿರಕ್ಕೆ ಸಿಗುತ್ತಿತ್ತು. ನಡುವಿನ ಅಂತರವನ್ನು ಇಷ್ಟು ವರ್ಷ ಉದ್ಯೋಗದ ಸಲುವಾಗಿ ಕೊಟ್ಟೆವು, ಅದರಲ್ಲಿ ತಪ್ಪಿಲ್ಲ. ಉದ್ಯೋಗ ಮುಗಿದ ಮೇಲೂ ಕೊಡುತ್ತಿದ್ದರೆ ಅದು ಬರೀ ತಂಪು ಗಾಳಿಗೆ ಕೊಡುವ ದುಡ್ಡು. ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ.

ನನ್ನ ಊರು ಮ್ಹೈಸಾಳ. ಸಾಂಗ್ಲಿ ಜಿಲ್ಲೆಯ ಮಿರಜ ತಾಲ್ಲೂಕಿನ ಕೊನೆಯಲ್ಲಿ, ಕೃಷ್ಣೆಯ ದಂಡೆಯ ಮೇಲಿದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಕಾಗವಾಡ, ಅಂದರೆ ಕರ್ನಾಟಕ. ಹೆಂಡತಿಯ ತವರು ಅಥಣಿ ಕಡೆ. ಹಾಗಂತ ಊರಿನ ಮೋಹಕ್ಕೆ ಕಟ್ಟುಬಿದ್ದು ಹೊರಡಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲವನ್ನೂ ತೂಗಿ ನೋಡಿದೆವು. ಬೆಳಗಾವಿ ನನಗೆ ಬಹಳ ಇಷ್ಟದ ಊರು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಡದೆ ಸುರಿಯುವ ಜಿಟಿಜಿಟಿ ಮಳೆ, ಗೋಡೆಗೆ ಹಿಡಿಯುವ ಬೂಷ್ಟು ನನ್ನ ಹೆಂಡತಿಯ ಅಸ್ತಮಾಕ್ಕೆ ಆಗಿಬರುವುದಿಲ್ಲ. ಧಾರವಾಡದ್ದೂ ಹೆಚ್ಚುಕಡಿಮೆ ಅದೇ ಕಥೆ. ವಿಜಯಪುರದ ಒಣ ಹವೆ ಸರಿ, ಬಿಸಿಲು ಮಾತ್ರ ಬಹಳ.

ಮಿರಜದ ಕಡೆಯ ಹವೆ ಇವೆಲ್ಲದರ ನಡುವಿನದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಸಹ್ಯಾದ್ರಿ ದಾಟಿ ಮಿರಜಕ್ಕೆ ಬರುವಷ್ಟರಲ್ಲಿ ಅದು 600ರ ಆಸುಪಾಸಿಗೆ ಇಳಿದಿರುತ್ತದೆ. ಮಳೆಗಾಲದಲ್ಲೂ ಬಟ್ಟೆ ಒಣಗುತ್ತವೆ. ಈ ಒಣ ಗಾಳಿಯನ್ನು ಮೊದಲು ಗುರುತಿಸಿದವರು ನಾವಲ್ಲ. 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಡಾ. ವಿಲಿಯಂ ವಾನ್ಲೆಸ್ ಅವರ ಹೆಸರಿನ ವಾನ್ಲೆಸ್‌ವಾಡಿಯಲ್ಲಿ ಕ್ಷಯರೋಗಿಗಳಿಗಾಗಿಯೇ ಆರೋಗ್ಯಧಾಮವಿತ್ತು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಂಜೆಗೆ ಪಡುವಣದಿಂದ ಗಾಳಿ ಬೀಸಿದರೆ ಅಂಗಳದಲ್ಲಿ ಕೂರಬಹುದು. ನೀರಿನ ಚಿಂತೆಯೂ ಕಡಿಮೆ. 2016ರ ಏಪ್ರಿಲ್‌ನಲ್ಲಿ ಬರಗಾಲದ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದು ಇದೇ ಮಿರಜದಿಂದ. ಜತ್ತ, ಕವಠೆಮಹಾಂಕಾಳದ ಒಣನೆಲಕ್ಕೆ ಕೃಷ್ಣೆಯನ್ನು ಎತ್ತಿ ಹರಿಸುವ ಏತ ನೀರಾವರಿ ಯೋಜನೆಗೆ ನಮ್ಮೂರಿನದೇ ಹೆಸರು.

ವಯಸ್ಸಾದವರು ಊರು ಆರಿಸುವಾಗ ಬಾಡಿಗೆಗಿಂತ ಮೊದಲು ನೋಡಬೇಕಾದದ್ದು ಆಸ್ಪತ್ರೆ. ಮ್ಹೈಸಾಳದಿಂದ ಮಿರಜ ಅರ್ಧ ತಾಸಿನ ದಾರಿ. 1962ರಿಂದ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಖಾಸಗಿ ಆಸ್ಪತ್ರೆಗಳು ಬೀದಿಗೊಂದರಂತಿವೆ. ಅಥಣಿ, ರಾಯಬಾಗ, ಜಮಖಂಡಿ ಕಡೆಯ ರೋಗಿಗಳು ತಲೆಮಾರುಗಳಿಂದ ಅಲ್ಲಿಗೇ ಬರುತ್ತಿರುವುದರಿಂದ ನರ್ಸ್‌ಗಳೂ ಔಷಧ ಅಂಗಡಿಯವರೂ ಕನ್ನಡದಲ್ಲೇ ವಿಚಾರಿಸುತ್ತಾರೆ. ಉಸಿರು ಕಟ್ಟಿದಾಗ ಎಲ್ಲಿ, ಹೇಗೆ ಎಂದು ತನ್ನ ಮಾತಿನಲ್ಲೇ ಹೇಳಲು ಸಾಧ್ಯವಾಗುವುದು ನನ್ನ ಹೆಂಡತಿಗೆ ದೊಡ್ಡ ಧೈರ್ಯ. ಇಲ್ಲೊಂದು ಹಣದ ಸೂಕ್ಷ್ಮವಿದೆ. ಹಲವು ಆರೋಗ್ಯ ವಿಮಾ ಪಾಲಿಸಿಗಳಲ್ಲಿ ಊರುಗಳನ್ನು ವಲಯಗಳಾಗಿ ವಿಂಗಡಿಸಿರುತ್ತಾರೆ. ಸಣ್ಣ ಊರಿನ ವಿಳಾಸ ಕೊಟ್ಟರೆ ಪ್ರೀಮಿಯಂ ಇಳಿಯುತ್ತದೆ. ಆದರೆ ನಾಳೆ ಮುಂಬೈಯಲ್ಲಿ ಆಪರೇಷನ್ ಆದರೆ ಬಿಲ್ಲಿನ ಒಂದು ಪಾಲನ್ನು ನಾವೇ ಕಟ್ಟಬೇಕಾಗಬಹುದು. ಮಗ ಮುಂಬೈಯಲ್ಲಿದ್ದಾನೆ, ದೊಡ್ಡ ಕಾಯಿಲೆ ಬಂದರೆ ಅಲ್ಲಿಗೇ ಕರೆದೊಯ್ಯುತ್ತಾನೆ. ಆದ್ದರಿಂದ ಪ್ರೀಮಿಯಂ ಇಳಿಸಿಕೊಳ್ಳಲು ನಾನು ಹೋಗಲಿಲ್ಲ.

ಹವೆ ಗೊತ್ತಾಯಿತು, ಆಸ್ಪತ್ರೆ ಗೊತ್ತಾಯಿತು. ಇನ್ನು ಗಡಿಯ ಯಾವ ಬದಿಗೆ ಇರುವುದು? ಕಾಗವಾಡಕ್ಕೂ ಮ್ಹೈಸಾಳಕ್ಕೂ ಒಂದೇ ಬಿಸಿಲು, ಒಂದೇ ಗಾಳಿ. ಸರ್ಕಾರಗಳು ಮಾತ್ರ ಬೇರೆ. ಕಾಗವಾಡದಲ್ಲಿದ್ದರೆ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ, ಬಾಡಿಗೆದಾರರಿಗೂ ಸಿಗುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸೂ ಉಚಿತ, ಆದರೆ ರಾಜ್ಯದೊಳಗೆ ಮಾತ್ರ. ನಮ್ಮ ಓಡಾಟವೆಲ್ಲ ಮಿರಜದ ಕಡೆಗೆ. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್, 65 ದಾಟಿದವರಿಗೂ ಅರ್ಧ, 75 ದಾಟಿದರೆ ಪೂರ್ತಿ ಉಚಿತ. ಆಸ್ತಿ ನೋಂದಣಿಯಲ್ಲಿ ಅಂತರ ಇನ್ನೂ ದೊಡ್ಡದು. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2, ಅದಕ್ಕೆ ಮೇಲ್ಮಿತಿಯಿಲ್ಲ. ಮಹಾರಾಷ್ಟ್ರದಲ್ಲಿ ಶೇ 1, ಅದೂ 30,000 ರೂಪಾಯಿ ಮೀರುವಂತಿಲ್ಲ. 50 ಲಕ್ಷದ ಮನೆಗೆ ಅಲ್ಲಿ ಒಂದು ಲಕ್ಷ, ಇಲ್ಲಿ ಮೂವತ್ತು ಸಾವಿರ. ಹೀಗಾಗಿ ಮಹಾರಾಷ್ಟ್ರದ ಬದಿಯೇ ಸರಿ ಎನಿಸಿತು. ಬೆಂಗಳೂರಿನ ಕಾರಿಗೆ ಮಾತ್ರ ಖರ್ಚು ತಪ್ಪಲಿಲ್ಲ. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳಬೇಕಾದರೆ ಎಂಎಚ್ ನಂಬರು ಮಾಡಿಸಬೇಕು. ಇಲ್ಲಿ ತೆರಿಗೆ ಕಟ್ಟಿ, ಉಳಿದ ಅವಧಿಯ ತೆರಿಗೆಯನ್ನು ಕರ್ನಾಟಕದಿಂದ ಮರಳಿ ಕೇಳಬೇಕು. ಆ ಕಾಗದಪತ್ರದ ಓಡಾಟಕ್ಕೆ ತಾಳ್ಮೆ ಬೇಕು.

ಮೊದಲು ಮಿರಜದಲ್ಲಿ ಬಾಡಿಗೆ ಮನೆ ಹಿಡಿದೆವು. ಒಂದು ಮೇ ತಿಂಗಳ ಬಿಸಿಲನ್ನೂ ಒಂದು ಶ್ರಾವಣದ ಹೊಳೆಯನ್ನೂ ನೋಡದೆ ಜಾಗ ಕೊಳ್ಳುವುದಿಲ್ಲ ಎಂದು ಇಬ್ಬರೂ ನಿಶ್ಚಯಿಸಿದ್ದೆವು. ಆಮೇಲೆ ಮ್ಹೈಸಾಳದಲ್ಲಿ ಎರಡು ಗುಂಟೆಯ ಪ್ಲಾಟು ಹುಡುಕತೊಡಗಿದೆವು. ಹೊಳೆಯ ಕಡೆಯದು ಗುಂಟೆಗೆ ನಾಲ್ಕು ಲಕ್ಷ. ಮೇಲಿನ ದಿನ್ನೆಯದು ಆರು ಲಕ್ಷ, ಹೊಳೆ ಕಾಣುವುದಿಲ್ಲ, ಗಿಡಗಳಿಲ್ಲ, ಬರೀ ಬಯಲು. ಕೆಳಗಿನದು ನೋಡಲು ಎಷ್ಟು ಚೆಂದ! ಪಕ್ಕದಲ್ಲೇ ಚೊಗಚೆ, ನುಗ್ಗೆ ಗಿಡಗಳಿಗೆ ಹಬ್ಬಿಸಿದ ವೀಳ್ಯದೆಲೆಯ ತೋಟ. ಒಳಗೆ ಕಾಲಿಟ್ಟರೆ ಮೇ ತಿಂಗಳಲ್ಲೂ ಮೈ ತಂಪಾಗುತ್ತದೆ. ಪ್ಲಾಟಿನವನು, "ಕಾಕಾ, ಇಂಥಾ ಹವಾ ನಿಮಗ ಬೆಂಗಳೂರಾಗೂ ಸಿಗಂಗಿಲ್ರಿ" ಅಂದ. ಅವನು ಹೇಳಿದ್ದು ನಿಜವೇ.

ಆದರೆ ಅದೇ ಓಣಿಯ ಒಂದು ಮನೆಯಲ್ಲಿ ನೀರು ಕುಡಿಯಲು ಕೂತಾಗ ಸ್ವಿಚ್‌ಬೋರ್ಡು ಕಣ್ಣಿಗೆ ಬಿತ್ತು. ಅದನ್ನು ತಲೆಗಿಂತ ಎಷ್ಟೋ ಮೇಲೆ, ಸ್ಟೂಲು ಹತ್ತದೆ ನಿಲುಕದಷ್ಟು ಎತ್ತರಕ್ಕೆ ಕೂರಿಸಿದ್ದರು. ಅದರ ಕೆಳಗೆ, ಹೊಸ ಸುಣ್ಣದ ಅಡಿಯಿಂದ, ಗೋಡೆಯುದ್ದಕ್ಕೂ ಕಂದು ಬಣ್ಣದ ಒಂದು ಪಟ್ಟಿ ಇಣುಕುತ್ತಿತ್ತು. ಮನೆಯ ಅಜ್ಜಿ ಅದಕ್ಕೆ ಬೆರಳಿಟ್ಟು, "ಹೊಳಿ ಇಲ್ಲೀತನಕ ಬಂದಿತ್ತು ತಮ್ಮಾ. ಮೊದಲ ದನ ಹೊರಗ, ಆಮ್ಯಾಲೆ ಕಾಗದಪತ್ರ, ಆಮ್ಯಾಲೆ ನಾವು" ಅಂದಳು.

2005, 2019, 2021. ಈ ದಂಡೆಯವರು ಮಹಾಪೂರವನ್ನು ಇಸವಿಯಿಂದಲೇ ಹೇಳುತ್ತಾರೆ. ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ಹೊಳೆ 57 ಅಡಿ ದಾಟಿತ್ತು. ಇಲ್ಲಿ ಮಳೆ ಕಡಿಮೆ ಎಂಬ ಸಮಾಧಾನ ಆಗ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮೇಲೆ ಎಳೆಬಿಸಿಲಿದ್ದರೂ ಘಟ್ಟದಲ್ಲಿ ಸುರಿದದ್ದು, 105 ಟಿಎಂಸಿಯ ಕೊಯ್ನಾ ತುಂಬಿ ಬಿಟ್ಟದ್ದು, ವಾರಣಾ, ಪಂಚಗಂಗೆ ಉಕ್ಕಿದ್ದು ಎಲ್ಲ ಸೇರಿ ಹೊಳೆ ಏರುತ್ತದೆ. ಹೀಗಾಗಿ ಮ್ಹೈಸಾಳದ ಹವೆಯನ್ನು ಕೇಳುವವರಿಗೆ ನಾನು ಪ್ಲಾಟಿನ ಎತ್ತರವನ್ನೇ ಮೊದಲು ಕೇಳುತ್ತೇನೆ. ಒಂದೇ ಊರಿನಲ್ಲಿ ಅರ್ಧ ಮೈಲಿಯ ಅಂತರಕ್ಕೆ ಎರಡು ಬೇರೆ ಹವೆಗಳಿವೆ, ಎರಡು ಬೇರೆ ಖರ್ಚುಗಳೂ ಇವೆ.

ನಮ್ಮ ಅಣ್ಣನ ಮನೆ ಕೆಳಗಿನ ಓಣಿಯಲ್ಲಿದೆ. 2019ರ ನಂತರ ವೈರಿಂಗು, ಬಾಗಿಲು, ಫ್ರಿಜ್ಜು, ಮೋಟರು, ಬಣ್ಣ ಎಲ್ಲ ಸೇರಿ ಮೂರು ಲಕ್ಷ ಹೋಯಿತು. 2021ರಲ್ಲಿ ಮತ್ತೆ ಅದರ ಅರ್ಧ. ಹಳ್ಳಿಯ ಪೂರಪೀಡಿತ ಕುಟುಂಬಕ್ಕೆ 2019ರಲ್ಲಿ ಸರ್ಕಾರ ಘೋಷಿಸಿದ ತಕ್ಷಣದ ನೆರವು 10,000 ರೂಪಾಯಿ. ಎರಡೇ ವರ್ಷಗಳಲ್ಲಿ ಅಣ್ಣ ಕಳೆದುಕೊಂಡ ನಾಲ್ಕೂವರೆ ಲಕ್ಷದ ಎದುರು, ಮೇಲಿನ ಪ್ಲಾಟಿಗೆ ನಾವು ಹೆಚ್ಚಾಗಿ ಕೊಡಬೇಕಾಗಿದ್ದದ್ದು ನಾಲ್ಕು ಲಕ್ಷ. ಅತ್ತಿಗೆಯೇ ಹೇಳಿದರು: "ರೊಕ್ಕ ಹೋದ್ರ ಹೋಗಲಿ, ಮ್ಯಾಲೇ ಕಟ್ರಿ." ಮೇಲಿನದನ್ನೇ ಕೊಂಡೆವು.

ಹೊರಗಿನಿಂದ ಇಲ್ಲಿಗೆ ಬರುವವರು ಜಾಗದ ಕಾಗದವನ್ನು ಕೈಯಲ್ಲಿ ಹಿಡಿದು ಓದಬೇಕು. ಮಹಾರಾಷ್ಟ್ರದಲ್ಲಿ ರೈತರಲ್ಲದವರು ಹೊಲ ಕೊಳ್ಳಲು ಕಾನೂನಿನ ಅಡ್ಡಿಯಿದೆ. ಕರ್ನಾಟಕದಲ್ಲಿ 2020ರಲ್ಲಿ ಆ ನಿರ್ಬಂಧ ತೆಗೆದಿದ್ದಾರೆಂದು ಇಲ್ಲಿಯೂ ಹಾಗೇ ಇರಬಹುದೆಂದು ತಿಳಿಯಬೇಡಿ. ಸಾತಬಾರಾ ಉತಾರ, ಅಂದರೆ ಪಹಣಿ ನೋಡಿ, ಎನ್‌ಎ (ಕೃಷಿಯೇತರ) ಆದೇಶ ಕೇಳಿ. ಸಾಂಗ್ಲಿ-ಮಿರಜದ ಸುತ್ತ ಹೊಲಗಳನ್ನು ಗುಂಟೆಗುಂಟೆಯಾಗಿ ಹರಿದು ಮಾರಿದ ಗುಂಠೇವಾರಿ ಪ್ಲಾಟುಗಳು ಬಹಳ. ಅವನ್ನು ಸಕ್ರಮ ಮಾಡಲು 2001ರಲ್ಲಿ ಕಾಯ್ದೆಯೇ ಬಂತು. ಸಕ್ರಮವಾಗದ ಪ್ಲಾಟು ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಅದರ ಮೇಲೆ ಸಾಲ ಎತ್ತುವುದೂ ಕಷ್ಟ, ಮುಂದೆ ಮಾರುವುದೂ ಕಷ್ಟ. ಇನ್ನೊಂದು, ಜಲಸಂಪನ್ಮೂಲ ಇಲಾಖೆಯ ಪೂರರೇಷೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರುವ ಪೂರದ್ದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರುವುದರದ್ದು. ನೀಲಿ ಗೆರೆಯೊಳಗಿನ ಜಾಗವನ್ನು ಪುಕ್ಕಟೆ ಕೊಟ್ಟರೂ ಮನೆಗೆಂದು ತಗೊಳ್ಳಬೇಡಿ.

ಎತ್ತರದಲ್ಲಿದ್ದರೂ ಮನೆಗೆ ವಿಮೆ ಮಾಡಿಸುತ್ತೇನೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ಬಿರುಗಾಳಿಗಳ ಜೊತೆ ಪ್ರವಾಹವೂ ಸೇರಿದೆ. ಕೆಳಗಿನ ಓಣಿಯಲ್ಲಿ ಮನೆಯಿರುವವರು ಅದನ್ನು ಜೂನ್ ಬರುವ ಮೊದಲೇ ಮಾಡಿಸಲಿ. ಅಣ್ಣನಿಗೂ ಮಾಡಿಸಿದ್ದೇನೆ.

ನಮ್ಮ ಮನೆಯ ಗೋಡೆ ಎದ್ದಿದೆ. ಈಗ ಗವಂಡಿಯೊಂದಿಗೆ ಮಾತು ನಡೆದಿರುವುದು ಮಾಳಿಗೆಯ ಬಗ್ಗೆ. ಸ್ಲ್ಯಾಬಿನ ಮೇಲೆ ಬಿಳಿ ಹೆಂಚಿನ ಚೂರು ಹಾಸಲು ಅರವತ್ತು ಸಾವಿರ ಹೆಚ್ಚು ಕೇಳುತ್ತಿದ್ದಾನೆ. ಅದಿಲ್ಲದಿದ್ದರೆ ಎರಡು ಕೋಣೆಗೆ ಎಸಿ ಬೇಕು, ಅದರ ಬಿಲ್ಲು ಪ್ರತಿ ಬೇಸಿಗೆಯಲ್ಲೂ ಬರುತ್ತದೆ, ಗೃಹಜ್ಯೋತಿಯಂತೂ ನಮಗಿಲ್ಲ. ನನ್ನ ಮತ ಬಿಳಿ ಹೆಂಚಿಗೆ. ನನ್ನ ಹೆಂಡತಿ ಪಡುವಣ ಗೋಡೆಯಲ್ಲಿ ಇನ್ನೊಂದು ದೊಡ್ಡ ಕಿಟಕಿ ಬಿಡಿಸಿದ್ದಾಳೆ. ಅದರ ಖರ್ಚಿನ ಬಗ್ಗೆ ನಾನು ಕೇಳಿಲ್ಲ.